ಭಾಷೆ ಬಾರದವಳ ಕೈಯಲ್ಲಿ ಗಂಟೆ

ಮುಖದ ತುಂಬ ನೊರೆ ಹಚ್ಚಿಕೊಂಡು ನಿಂತ ಹೊತ್ತಿಗೆ ಸರಿಯಾಗಿ ನಲ್ಲಿಯಲ್ಲಿ ನೀರು ನಿಂತುಹೋದರೆ ಎಂಥ ಗಂಡಸಿನ ಗತ್ತೂ ಗದ್ದದಿಂದ ಜಾರಿ ಬನಿಯನ್ನಿನ ಮೇಲೆ ಬೀಳುತ್ತದೆ ಎಂಬುದನ್ನು ತಾರಾ ಆ ಭಾನುವಾರ ಬೆಳಿಗ್ಗೆ ಕಣ್ಣಾರೆ ಕಂಡಳು. ಕಂಡು ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಗಲಿಲ್ಲ. ಹೊರಗೆ ಟೇಬಲ್ಲಿಗೆ ಕೂತು ಗಂಡ ರಾಘವನ ಆಫೀಸಿನ ದ್ವಾರಕಾನಾಥ, ಅವನ ಹೆಂಡತಿ ಅಪರ್ಣಾ ದೋಸೆ ತಿನ್ನುತ್ತಿದ್ದರು. ಅತಿಥಿಗಳ ಮುಂದೆ ಗಂಡನನ್ನು ನೋಡಿ ನಗಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಟವೆಲ್ ಹಿಡಿದು ನಿಂತಳು. ರಾಘವ ನೊರೆಯ ಸಮೇತ ಹೊರಗೆ ಬಂದ. "ಟ್ಯಾಂಕ್ ತೊಳೀತೀವಿ ಅಂತ ಲಿಫ್ಟ್ ಹತ್ರ ನೋಟಿಸ್ ಹಾಕಿದ್ರಂತೆ. ಓದಿದ್ಯಾ ಇಲ್ವಾ?" "ಓದಿದ್ದೆ ರೀ, ಆದ್ರೆ..." "ಆದ್ರೆ ಗೀದ್ರೆ ಬೇಡ. ಓದಿದ್ಯಾ? ಎಸ್ ಆರ್ ನೋ?" "ಎಸ್. ಆದ್ರೆ ಅವತ್ತು ಶರಣ್ಯಾಗೆ..." "ಓದಿದ್ಮೇಲೆ ನಂಗೆ ಹೇಳಿದ್ಯಾ? ಎಸ್ ಆರ್ ನೋ?" ಬಲಗೈಯ ಎರಡು ಬೆರಳು ಮೇಲೆದ್ದಿದ್ದವು, ಒಂದು ಎಸ್‌ಗೆ, ಒಂದು ನೋಗೆ, ಎರಡರ ತುದಿಯಲ್ಲೂ ನೊರೆ. ಮೂರನೆಯ ಬೆರಳಿಗೆ ಅವರ ಸಂಸಾರದಲ್ಲಿ ಕೆಲಸವೇ ಇರಲಿಲ್ಲ. ದ್ವಾರಕಾನಾಥ ಚಟ್ನಿಯ ಬಟ್ಟಲಿನಲ್ಲಿ ಏನೋ ಕಳೆದುಕೊಂಡವನಂತೆ ಹುಡುಕತೊಡಗಿದ. ಒಳಗಿನಿಂದ ಶರಣ್ಯಾ "ಅಮ್ಮಾ, ದೈಜೋಬು?" ಎಂದು ಕೇಳಿದಳು. ಏನೂ ಆಗಿಲ್ಲ ತಾನೇ ಎಂದು ತಾಯಿಯನ್ನು ಏಳು ವರ್ಷದ ಮಗಳು ಜಪಾನಿಯಲ್ಲಿ ಕೇಳುತ್ತಿದ್ದಾಳೆ, ಗಂಡ ಇಂಗ್ಲಿಷಿನಲ್ಲಿ ಪಾಟೀಸವಾಲು ಮಾಡುತ್ತಿದ್ದಾನೆ, ಇನ್ನು ತನ್ನ 'ಆದ್ರೆ'ಯನ್ನು ಯಾರ ಮುಂದೆ ಇಡುವುದು? "ನೋ," ಎಂದಳು ತಾರಾ. "ದಟ್ಸ್ ಆಲ್," ಎಂದ ರಾಘವ, ಫ್ರಿಜ್ಜಿನ ಬಾಟಲಿಯ ನೀರಿನಲ್ಲಿ ಮುಖ ತೊಳೆಯಲು ಹೋದ. ತಣ್ಣೀರಿಗೆ ಅವನು ಕೂಗಿಕೊಂಡದ್ದು ಮಾತ್ರ ಅವಳಿಗೆ ಸ್ವಲ್ಪ ಹಿತವಾಯಿತು.

ಮಧ್ಯಾಹ್ನ ಅಪಾರ್ಟ್‌ಮೆಂಟುಗಳ ನಡುವಿನ ದಾರಿಯಲ್ಲಿ ಸಮುದಾಯ ಭವನದ ಕಡೆ ನಡೆಯುವಾಗಲೂ ಆ ನುಂಗಿದ ಮಾತು ಗಂಟಲಿನಲ್ಲೇ ಇತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ತುಮಕೂರಿನಲ್ಲಿ ಅಮ್ಮ ಹೇಳುತ್ತಿದ್ದಳು; ಹೇಳುತ್ತ ಹೇಳುತ್ತಲೇ ಅಪ್ಪನ ಜೊತೆ ದಿನಾ ಜಗಳವಾಡುತ್ತಿದ್ದಳು. ನಮ್ಮವರು ವಾದ ಶುರುಮಾಡುವುದೇ 'ಏನಿಲ್ಲ' ಎಂದು. ಏನಿಲ್ಲ ಎಂದರೆ ಎಲ್ಲ ಇದೆ ಎಂದರ್ಥ, ಕುರ್ಚಿ ಎಳೆದುಕೊಂಡು ಕೂರಬೇಕು. ಭೀಮಸೇನ ಚಿಕ್ಕಪ್ಪ "ನಾನೇನೂ ಹೇಳಲ್ಲಪ್ಪಾ" ಎಂದು ಪೀಠಿಕೆ ಹಾಕಿದರೆ ಎರಡು ಲೋಟ ಕಾಫಿ ಗ್ಯಾರಂಟಿ. ಅತ್ತೆಯದು ಇನ್ನೊಂದು ಕ್ರಮ, ಅವರು ಮನುಷ್ಯರ ಜೊತೆ ವಾದಿಸುವವರೇ ಅಲ್ಲ, ಹೇಳುವುದನ್ನೆಲ್ಲ ಕುಕ್ಕರಿಗೆ ಹೇಳುತ್ತಿದ್ದರು: "ಕೆಲವರಿಗೆ ಬೇಳೆ ಎಷ್ಟು ವಿಸಿಲ್ ಅಂತಾನೂ ಗೊತ್ತಿಲ್ಲ ಕಣೆ." ಇಂಥ ಮನೆಯಲ್ಲಿ ಹುಟ್ಟಿದ ರಾಘವನಿಗೆ ಎರಡು ಬೆರಳು ಎಲ್ಲಿಂದ ಬಂದವು? ಆಫೀಸಿನಿಂದ ಬಂದಿರಬೇಕು. ಆದರೆ ಅಲ್ಲಿ ಅವನ ಜಪಾನೀ ಬಾಸ್ ಇನೋವೆ ಸಾನ್ ಎಸ್ಸೂ ಅನ್ನುವುದಿಲ್ಲ ನೋ ಅನ್ನುವುದೂ ಇಲ್ಲ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು ಸುಮ್ಮನಾಗುತ್ತಾನಂತೆ. ಅಲ್ಲಿ ಸಿಗದ ಎಸ್ ನೋಗಳನ್ನೆಲ್ಲ ಗಂಡ ಮನೆಗೆ ಬಂದು ವಸೂಲಿ ಮಾಡುತ್ತಾನೆ ಎಂದು ಹೊಳೆದಾಗ ತಾರಾಗೆ ಪಾಪ ಎನ್ನಿಸಿತು. ಮರುಕ್ಷಣವೇ ಆ ಪಾಪದ ಮೇಲೂ ಸಿಟ್ಟು ಬಂತು.

ಭವನದಲ್ಲಿ ತಿಂಗಳಿಗೊಮ್ಮೆ ಜಪಾನಿನ ಈ ಓಜಿಮಾ ಬಡಾವಣೆಯ ಚೀನೀ ಭಾಷಿಕರು ಚರ್ಚಾಸ್ಪರ್ಧೆ ನಡೆಸುತ್ತಿದ್ದರು. ಚೀನಾದ ಶೆನ್ಯಾಂಗಿನವರು, ತೈವಾನಿನವರು, ಮಲೇಷ್ಯಾದವರು, ಎಲ್ಲರೂ ಒಂದೇ ಮಾತಾಡುತ್ತಾರೆಂದು ಹೊರಗಿನವರ ನಂಬಿಕೆ. ಒಬ್ಬರು ವಾದಿಸುವುದು ಇನ್ನೊಬ್ಬರಿಗೆ ಸೇರದು ಎನ್ನುವುದು ಒಳಗಿನವರಿಗೆ ಗೊತ್ತು. ತಾರಾಳನ್ನು ಅಲ್ಲಿಗೆ ಎಳೆದುಕೊಂಡು ಬಂದವಳು ಲಿನ್ ಸಾನ್, ಮಲೇಷ್ಯಾದ ಇಪೋ ಊರಿನವಳು, ಸ್ಕೂಲ್ ಬಸ್ಸಿನ ನಿಲ್ದಾಣದಲ್ಲಿ ಗೆಳತಿಯಾದವಳು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರೂ ಇಬ್ಬರ ಬಾಯಲ್ಲೂ ಮೊದಲು ಹೊರಡುತ್ತಿದ್ದುದು 'ಅಯ್ಯೋ'. ಕೂಟಕ್ಕೆ ಗಡಿಯಾರ ನೋಡಿ ಗಂಟೆ ಹೊಡೆಯುವವರ ಕೊರತೆಯಿತ್ತು. ಮೊದಲು ತಮ್ಮವರನ್ನೇ ಕೂರಿಸಿದ್ದರು. ಅವರು ವಾದದಲ್ಲಿ ಮುಳುಗಿ ಗಡಿಯಾರ ಮರೆಯುತ್ತಿದ್ದರು, ಇಲ್ಲವೇ ತಮ್ಮ ಊರಿನವರಿಗೆ ಒಂದಿಷ್ಟು ಹೊತ್ತು ಜಾಸ್ತಿ ಕೊಟ್ಟರೆಂದು ಗಲಾಟೆಯಾಗುತ್ತಿತ್ತು. ಕೊನೆಗೆ ಯಾರೋ ಬುದ್ಧಿವಂತರು, ಚೀನೀ ಭಾಷೆಯ ಗಂಧವೇ ಇಲ್ಲದವರನ್ನು ಕೂರಿಸೋಣ, ಅರ್ಥವಾಗದವರಿಗೆ ಪಕ್ಷಪಾತ ಎಲ್ಲಿಂದ ಬರಬೇಕು ಎಂದರು. ಎಲ್ಲರೂ ತಲೆದೂಗಿದರು. ಹೀಗೆ ತಾರಾಳ ಕೈಗೆ ಒಂದು ಸ್ಟಾಪ್‌ವಾಚು, ಒಂದು ಹಿತ್ತಾಳೆಯ ಕರೆಗಂಟೆ ಬಂದವು. ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ಸಲ, ಮುಗಿದಾಗ ಎರಡು ಸಲ. ಗಡಿಯಾರ ಅವಳಿಗಷ್ಟೇ ಕಾಣುವುದು. ಉಳಿದವರಿಗೆ ಗಂಟೆಯೇ ಪ್ರಮಾಣ.

ಅರ್ಥವಾಗದ ಮಾತನ್ನು ಕೇಳುತ್ತ ಕೂರುವುದು ಎಷ್ಟು ಸುಖ ಎಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ಕೈ, ಹುಬ್ಬು, ಉಸಿರು ಇವೆಲ್ಲ ಸ್ವಚ್ಛವಾಗಿ ಕಾಣುತ್ತಿದ್ದವು. ಹಿರಿಯ ತೀರ್ಪುಗಾರ ಗು ಸೆನ್ಸೇ ನಾನ್‌ಜಿಂಗಿನ ನಿವೃತ್ತ ಮೇಷ್ಟರು. ಅವರದೊಂದು ಸಿದ್ಧಾಂತವಿತ್ತು, ಲಿನ್ ಅದನ್ನು ನಗುನಗುತ್ತ ಹೇಳಿದ್ದಳು. ಚೀನಾ ದೇಶದವರು ಕೊನೆಗೆ ಬೆಟ್ಟ ಹತ್ತಿಯೇ ಹತ್ತುತ್ತಾರೆ, ಅಡುಗೆಮನೆಯಿಂದ ಹೊರಟ ಮಾತು ಮನುಕುಲದ ಭವಿಷ್ಯಕ್ಕೆ ಹೋಗಿ ಮುಟ್ಟುತ್ತದೆ. ತೈವಾನಿನವರು ಅಡ್ಡಸವಾಲು ಹಾಕಿ ಅಂಕಿ-ಅಂಶ ಕೇಳುತ್ತಾರೆ, ಹೌದೋ ಅಲ್ಲವೋ ಎನ್ನುತ್ತಾರೆ. ಮಲೇಷ್ಯಾದವರು ಯಾರದೋ ಅತ್ತೆಯ ಕಥೆ ತೆಗೆದು ನಗಿಸಿ, ನೀವು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನಿಮ್ಮ ಜೇಬಿಗೆ ಕೈ ಹಾಕಿರುತ್ತಾರೆ. ತಾರಾ ಇದನ್ನು ನಂಬಿ ಮುಖ ನೋಡಿಯೇ ಊರು ಹೇಳಲು ಹೊರಟಳು. ಬೆಟ್ಟ ಹತ್ತಿದವನು ಮಲೇಷ್ಯಾದ ಮಲಾಕ್ಕಾದವನಾಗಿದ್ದ. ಅತ್ತೆಯ ಕಥೆ ಹೇಳಿ ಅಳಿಸಿದ ಹುಡುಗಿ ಯಾನ್ ಶೆನ್ಯಾಂಗಿನವಳು. "ಅಯ್ಯೋ ತಾರಾ, ಎಲ್ಲರೂ ಎಲ್ಲರ ವಿಡಿಯೋ ನೋಡಿ ಕಲಿತುಬಿಟ್ಟಿದ್ದಾರೆ. ಗು ಸೆನ್ಸೇ ಒಬ್ಬರಿಗೇ ಗೊತ್ತಿಲ್ಲ," ಎಂದಳು ಲಿನ್. ಒಬ್ಬನ ವಿಷಯದಲ್ಲಿ ಮಾತ್ರ ಸಿದ್ಧಾಂತ ತಪ್ಪಲಿಲ್ಲ. ತೈವಾನಿನ ತೈಚುಂಗಿನ ತ್ಸಾಯ್ ಸಾನ್ ಅಡ್ಡಸವಾಲಿಗೆ ನಿಂತನೆಂದರೆ ಎದುರಿನವರು ಬಾಯಿ ಬಿಡುವಷ್ಟರಲ್ಲಿ ಅಂಗೈ ಅಡ್ಡ ಹಿಡಿಯುತ್ತಿದ್ದ. ಆಮೇಲೆ ಬೆರಳು ಎತ್ತುತ್ತಿದ್ದ. ಎರಡು.

ಆ ದಿನದ ವಿಷಯ, ಗಂಡ ಹೆಂಡಿರ ಜಗಳದಲ್ಲಿ ಯಾರು ಸರಿ ಯಾರು ತಪ್ಪು ಎಂಬುದು ಇತ್ಯರ್ಥವಾಗಲೇಬೇಕೇ ಎಂದು. ಆಗಲೇಬೇಕು ಎನ್ನುವ ತಂಡಕ್ಕೆ ತ್ಸಾಯ್ ನಾಯಕ, ಬೇಕಿಲ್ಲ ಎನ್ನುವುದಕ್ಕೆ ಲಿನ್. ಗೆದ್ದ ತಂಡ ಒಸಾಕಾಗೆ ಎರಡು ದಿನದ ಸ್ಪರ್ಧೆಗೆ ಹೋಗುವುದಿತ್ತು. ಲಿನ್ ವಾರವಿಡೀ ಅದನ್ನೇ ಜಪಿಸಿದ್ದಳು. "ಎರಡು ದಿನ ತಾರಾ, ಎರಡು ದಿನ ಯಾರೂ ನನ್ನನ್ನು ಮಮ್ಮೀ ಅಂತ ಕರೆಯೋದಿಲ್ಲ." ಅವಳ ಅವಳಿ ಮಕ್ಕಳನ್ನು ಆ ಎರಡು ದಿನ ತಾನು ನೋಡಿಕೊಳ್ಳುತ್ತೇನೆಂದು ತಾರಾ ಮಾತು ಕೊಟ್ಟಿದ್ದಳು.

ಲಿನ್ ಚೆನ್ನಾಗಿಯೇ ಮಾತಾಡಿದಳು, ಸಭೆ ನಕ್ಕಿತು. ಕೊನೆಯ ಸಮಾರೋಪ ತ್ಸಾಯ್‌ನದು. ಅವನು ಎದ್ದು, ಕಾಗದಗಳನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿಕೊಂಡು, ಮಾತಾಡುತ್ತ ಮಾತಾಡುತ್ತ ಲಿನ್ ಕಡೆ ತಿರುಗಿದ. ಸಮಾರೋಪದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಉತ್ತರ ಕೊಡುವಂತೆಯೂ ಇಲ್ಲ. ಆದರೂ ಅವನ ಬೆರಳುಗಳು ಎದ್ದವು, ಲಿನ್ ತಲೆ ತಗ್ಗಿಸಿದಳು. ತಾರಾಗೆ ಒಂದು ಪದವೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು. ಆ ಬೆರಳಿನ ತುದಿಯಲ್ಲಿ ನೊರೆ ಕಂಡಿತೆಂದರೆ ಸುಳ್ಳಾದೀತು, ಕಾಣಲಿಲ್ಲವೆಂದರೂ ಸುಳ್ಳೇ. ಒಂದು ಗಂಟೆ ಹೊಡೆದಳು, ಅದು ನ್ಯಾಯವಾದ ಗಂಟೆ. ಇನ್ನೂ ಹೊತ್ತಿತ್ತು. ಅವನ ದನಿ ಏರತೊಡಗಿತು, ಏನೋ ದೊಡ್ಡದು ಬರುವುದರಲ್ಲಿತ್ತು. ಅವಳ ಕೈ ತಾನಾಗಿಯೇ ಹೋಗಿ ಎರಡು ಸಲ ಹೊಡೆದುಬಿಟ್ಟಿತು. ತ್ಸಾಯ್ ಸಾನ್ ಬಾಯಿ ತೆರೆದಂತೆಯೇ ನಿಂತ. ನುಡಿಯಬೇಕಿದ್ದ ಪದ ಹಲ್ಲಿನ ಹಿಂದೆ ಕಾಣಿಸುವಂತಿತ್ತು. ಆಮೇಲೆ ಬಾಯಿ ಮುಚ್ಚಿ, ನಡು ಬಗ್ಗಿಸಿ ನಮಸ್ಕರಿಸಿ, ಕೂತ. ಅಷ್ಟೇ! ಒಂದು ಮಾತಿಲ್ಲ, ಒಂದು ಎಸ್ ಆರ್ ನೋ ಇಲ್ಲ! ಹೊಟ್ಟೆಯೊಳಗಿಂದ ಎದ್ದುಬಂದ ಖುಷಿಗೆ ತಾರಾಳ ಕಿವಿ ಬಿಸಿಯಾದವು. ಗಂಡಸರನ್ನು ನಿಲ್ಲಿಸುವುದು ಇಷ್ಟು ಸುಲಭವೆಂದು ಯಾರಾದರೂ ಮೊದಲೇ ಹೇಳಬಾರದಿತ್ತೇ?

ಖುಷಿ ತೀರ್ಪಿನವರೆಗೂ ಬಾಳಲಿಲ್ಲ. ಸ್ಟಾಪ್‌ವಾಚು ಅವಳ ತೊಡೆಯ ಮೇಲೆ ಇನ್ನೂ ಓಡುತ್ತಿತ್ತು. ಅವನಿಗೆ ಸಲ್ಲಬೇಕಾದ ಹೊತ್ತು ಅವಳ ನೀಲಿ ಕುರ್ತಾದ ಮೇಲೆ ವ್ಯರ್ಥವಾಗಿ ಸೋರಿಹೋಗುತ್ತಿತ್ತು. ನಿಲ್ಲಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಈ ಮನುಷ್ಯ ಅವಳಿಗೇನು ಮಾಡಿದ್ದ? ಹೋದ ತಿಂಗಳು ಬಾಗಿಲು ಹಿಡಿದು ನಿಂತು ಅವಳಿಗೆ ದಾರಿ ಬಿಟ್ಟಿದ್ದ. ಯಾರಾದರೂ ತನ್ನ ಕಡೆ ನೋಡುತ್ತಿದ್ದಾರೆಯೇ ಎಂದು ತಾರಾ ಸುತ್ತ ನೋಡಿದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು ಎಂದು ಗೊತ್ತಿದ್ದೂ ನೋಡಿದಳು. ಯಾರೂ ನೋಡುತ್ತಿರಲಿಲ್ಲ. ಇರಲಿ, ಲಿನ್ ಒಸಾಕಾಗೆ ಹೋಗುತ್ತಾಳಲ್ಲ, ಅಷ್ಟು ಪುಣ್ಯ ಈ ಪಾಪಕ್ಕೆ ಸಾಕು ಎಂದು ಸಮಾಧಾನ ಮಾಡಿಕೊಂಡಳು.

ಈ ಕೂಟದಲ್ಲಿ ತೀರ್ಪುಗಾರರು ಸುಮ್ಮನೆ ಮತ ಹಾಕಿ ಎದ್ದುಹೋಗುವಂತಿಲ್ಲ; ಯಾಕೆ ಹಾಕಿದೆನೆಂದು ಎಲ್ಲರೆದುರು ಬಿಡಿಸಿ ಹೇಳಬೇಕು. ಇಬ್ಬರ ಮತ ಒಂದೊಂದು ಕಡೆಗೆ ಹೋಗಿತ್ತು. ಉಳಿದವರು ಗು ಸೆನ್ಸೇ. ಅವರು ಎದ್ದು ಬಹಳ ಹೊತ್ತು ಮಾತಾಡಿದರು. ಪಕ್ಕದಲ್ಲಿ ಕೂತ ಯಾನ್ ತಾರಾಳ ಕಿವಿಯಲ್ಲಿ ಜಪಾನಿಯಲ್ಲಿ ಪಿಸುಗುಟ್ಟುತ್ತ ಹೋದಳು. "ಸೆನ್ಸೇ ಹೇಳ್ತಿದ್ದಾರೆ, ತ್ಸಾಯ್ ಸಾನ್ ಇಷ್ಟು ದಿನ ಕೊನೆಯ ಕ್ಷಣದವರೆಗೂ ಸಾಬೀತು ಮಾಡ್ತಾನೇ ಇರ್ತಿದ್ರು. ಇವತ್ತು ಶಿಖರದ ಹತ್ತಿರ ಬಂದು, ಗಂಟೆಗೆ ಸರಿಯಾಗಿ ಅಳೆದು, ಕೊನೆಯ ಮಾತು ಆಡದೆ ನಿಂತುಬಿಟ್ರು. ಚಿತ್ರದಲ್ಲಿ ಬಿಳಿ ಜಾಗ ಬಿಟ್ಟ ಹಾಗೆ. ಆ ಮೌನ ಕೇಳಿ ತಮ್ಮ ಮೈ ಜುಮ್ಮಂದಿತಂತೆ. ತೈವಾನಿನ ವಾದಕ್ಕೆ ಇವತ್ತು ಕಾವ್ಯ ಬಂತಂತೆ. ಮತ ತ್ಸಾಯ್ ಸಾನ್‌ಗೆ." ಚಪ್ಪಾಳೆ ಬಿತ್ತು. ತ್ಸಾಯ್ ಸಾನ್ ತನ್ನ ಕಾವ್ಯದ ಸುದ್ದಿ ಕೇಳಿ ಮೊದಲು ಬೆರಗಾದ, ಆಮೇಲೆ ನಿಧಾನವಾಗಿ ಅದು ತನ್ನದೇ ಎಂದು ಒಪ್ಪಿಕೊಂಡು ವಿನಯದಿಂದ ತಲೆಬಾಗಿದ. ಲಿನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು, ಅವಳ ಗದ್ದ ಮಾತ್ರ ನಡುಗುತ್ತಿತ್ತು.

ಅಯ್ಯೋ ದೇವರೇ, ಅದು ಮೌನವಲ್ಲ, ನನ್ನ ನೀಚಬುದ್ಧಿ! ತಾರಾಗೆ ನಗುವೂ ಬಂತು, ಅಳುವೂ ಬಂತು. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಯಾರಿಗೂ ತಿಳಿಯದು. ಲಿನ್‌ಗೆ ಒಸಾಕಾ ತಪ್ಪಿದ್ದು ತನ್ನಿಂದ ಎಂಬುದೊಂದು ತನ್ನ ಹೊಟ್ಟೆಯಲ್ಲಿ, ಬೆಳಗಿನ 'ಆದ್ರೆ'ಯ ಪಕ್ಕ, ಜಾಗ ಮಾಡಿಕೊಂಡು ಕೂರುತ್ತದೆ ಅಷ್ಟೆ. ನಾಳೆ ಬಸ್ ನಿಲ್ದಾಣದಲ್ಲಿ ಲಿನ್ "ಹೋಗಲಿ ಬಿಡು" ಎನ್ನುತ್ತಾಳೆ, ತಾನೂ ಹೋಗಲಿ ಬಿಡು ಎನ್ನಬೇಕು, ನಾಡಿದ್ದೂ ಎನ್ನಬೇಕು. ತಾರಾ ಎದ್ದು ನಿಂತಳು. "ಸುಮಿಮಾಸೆನ್," ಎಂದು ಕ್ಷಮೆ ಕೇಳಿದಳು. ಚಪ್ಪಾಳೆ ನಿಂತಿತು. ತಾನು ಗಂಟೆಯನ್ನು ಬೇಗ ಹೊಡೆದೆ, ತ್ಸಾಯ್ ಸಾನ್ ತಾವಾಗಿ ನಿಲ್ಲಿಸಲಿಲ್ಲ ಎಂದು ಹರುಕುಮುರುಕು ಜಪಾನಿಯಲ್ಲಿ ಹೇಳಿ, ನಿಂತ ಸ್ಟಾಪ್‌ವಾಚನ್ನು ಎತ್ತಿ ತೋರಿಸಿದಳು.

ಸಭೆಯಲ್ಲಿ ಗುಸುಗುಸು ಎದ್ದಿತು. ಎಲ್ಲರಿಗಿಂತ ಕೆಂಪಾದವರು ಗು ಸೆನ್ಸೇ. ಬಿಳಿ ಜಾಗದ ಮೇಲೆ ಯಾರೋ ಕಾಫಿ ಚೆಲ್ಲಿದ ಮುಖ ಅವರದು. ತ್ಸಾಯ್ ಸಾನ್ ಎದ್ದು ಜಪಾನಿಯಲ್ಲೇ ಕೇಳಿದ, "ಗೊತ್ತಿಲ್ಲದೆ ಆದದ್ದೋ, ಬೇಕೆಂದೇ ಮಾಡಿದ್ದೋ?" ಎರಡು ಬೆರಳು. ಗೊತ್ತಿಲ್ಲದೆ ಅನ್ನು, ಗೊತ್ತಿಲ್ಲದೆ ಅನ್ನು ಎಂದು ಎದುರಿನ ಮುಖಗಳೆಲ್ಲ ಕರುಣೆಯಿಂದ ಅವಳತ್ತ ಬಾಗಿದ್ದವು. ಈ ದೇಶದಲ್ಲಿ ಅಷ್ಟಂದರೆ ಸಾಕು, ನೀವೂ ಬಗ್ಗಿ ಅವರೂ ಬಗ್ಗಿ ಮುಗಿದೇಹೋಗುತ್ತದೆ. ಯಾನ್ ಅವಳ ಕುರ್ತಾದ ಅಂಚನ್ನು ಎಳೆಯುತ್ತಿದ್ದಳು. "ಬೇಕೆಂದೇ," ಎಂದಳು ತಾರಾ. ಆ ಪದದ ಹಿಂದೆ ಆದ್ರೆ ಬರಲಿಲ್ಲ. ತ್ಸಾಯ್ ಸಾನ್‌ನ ಬೆರಳುಗಳು ಗಾಳಿಯಲ್ಲೇ ಉಳಿದವು. ಅವನ ಬಳಿ ಮುಂದಿನ ಪ್ರಶ್ನೆ ಇರಲಿಲ್ಲ, ಯಾಕೆಂದರೆ ಅವನ ಮುಂದಿನ ಪ್ರಶ್ನೆಗಳೆಲ್ಲ ಎದುರಿನವರ ಆದ್ರೆಯಿಂದಲೇ ಹುಟ್ಟುತ್ತಿದ್ದವು.

ತೀರ್ಪುಗಾರರು ತಲೆ ಸೇರಿಸಿದರು. ನಿಯಮ ಸ್ಪಷ್ಟವಿತ್ತು: ಕಸಿದುಕೊಂಡ ಹೊತ್ತನ್ನು ವಾಪಸು ಕೊಡಬೇಕು, ಆಮೇಲೆ ಮತ್ತೆ ಮತ. ಗಂಟೆ, ಗಡಿಯಾರ ಎರಡೂ ಯಾನ್ ಕೈಗೆ ಹೋದವು. ತಾರಾ ಶಾಲೆಯಲ್ಲಿ ಬೆಂಚಿನಿಂದ ಎಬ್ಬಿಸಿ ಮೂಲೆಗೆ ಕಳಿಸಿದ ಹುಡುಗಿಯಂತೆ ಹೋಗಿ ಗೋಡೆಯ ಪಕ್ಕ ನಿಂತಳು. ಈಗ ತಮಾಷೆ ಏನೆಂದರೆ, ತ್ಸಾಯ್ ಸಾನ್ ಏಳಬೇಕಾಗಿಯೇ ಇರಲಿಲ್ಲ. ನನಗೆ ಆ ಹೊತ್ತು ಬೇಡ ಎಂದು ನಕ್ಕು ಕೂತಿದ್ದರೆ ಗು ಸೆನ್ಸೇಯ ಕಾವ್ಯ ಉಳಿಯುತ್ತಿತ್ತು, ಒಸಾಕಾ ಅವನದಾಗುತ್ತಿತ್ತು. ಅವನಿಗೂ ಅದು ಗೊತ್ತಿತ್ತು, ಅವನ ತಂಡದವಳು ತೋಳು ಹಿಡಿದು ಕೂರಿಸಲು ನೋಡುತ್ತಿದ್ದಳು. ಆದರೆ ಅವನ ತುಟಿ ಅಲ್ಲಾಡತೊಡಗಿದ್ದವು. ತಾರಾ ಗೋಡೆಯ ಪಕ್ಕದಿಂದ ಆ ತುಟಿಯನ್ನೇ ನೋಡಿದಳು. ಏಳುತ್ತಾನೆ, ಏಳದೆ ಇರಲಾರ, ಹತ್ತು ವರ್ಷ ಈ ತಳಿಯ ಜೊತೆ ಸಂಸಾರ ಮಾಡಿದವಳು ನಾನು. ತ್ಸಾಯ್ ಸಾನ್ ಎದ್ದ. ಕಾಗದ ತಟ್ಟಿದ. ಆಡದೆ ಬಿಟ್ಟಿದ್ದ ಆ ಕೊನೆಯ ಮಾತನ್ನು ಆಡಿದ, ಅದನ್ನು ವಿವರಿಸಿದ, ವಿವರಣೆಗೆ ಒಂದು ಶೇಕಡಾವಾರು ಕೊಟ್ಟ, ಆ ಶೇಕಡಾವಾರು ಎಲ್ಲಿಂದ ಬಂತೆಂದು ಹೇಳಲು ಇನ್ನೊಂದು ಕಾಗದ ಹುಡುಕುತ್ತಿರುವಾಗ ಯಾನ್ ಎರಡು ಗಂಟೆ ಹೊಡೆದಳು. ಗು ಸೆನ್ಸೇ ಮತ್ತೆ ಎದ್ದರು. ಈ ಸಲ ಅವರದು ಒಂದೇ ವಾಕ್ಯ. "ನಾನು ಮತ ಹಾಕಿದ್ದು ಇವರು ಹೇಳದೆ ಬಿಟ್ಟ ಮಾತಿಗೆ. ಈಗ ಅದನ್ನು ಕೇಳಿದೆ." ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಮತ ಲಿನ್ ಕಡೆಗೆ ಹೋಯಿತು.

ಲಿನ್ ಓಡಿಬಂದು ಅಪ್ಪಿಕೊಂಡಳು, ಅಪ್ಪಿಕೊಂಡ ಕೈಯಿಂದಲೇ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಅಯ್ಯೋ, ನಾನು ನಿನ್ನ ಹತ್ರ ಸಹಾಯ ಕೇಳಿದ್ನಾ? ನಾನೇ ಗೆಲ್ಲುತ್ತಿದ್ದೆ. ಈಗ ಗೆದ್ದೆನೋ ಗೆಲ್ಲಿಸಿದರೋ ಅಂತ ಒಸಾಕಾವರೆಗೂ ಯೋಚಿಸಬೇಕು." ಅವಳ ಕಣ್ಣಲ್ಲಿ ಸಿಟ್ಟು ನಿಜವಾಗಿಯೂ ಇತ್ತು, ತಾರಾಗೆ ಅದು ಚುಚ್ಚಿತು. ಕ್ಷಮಿಸು ಎಂದಳು. ಮಕ್ಕಳನ್ನು ಶುಕ್ರವಾರ ಸಂಜೆಯೇ ತಂದುಬಿಡುತ್ತೇನೆ ಎಂದು ಹೇಳಿ ಲಿನ್ ಗೆದ್ದವರ ಗುಂಪಿಗೆ ಹೋದಳು. ತಾರಾಳ ಜೊತೆ ನಿಂತು ಮಾತಾಡಲು ಬೇರೆ ಯಾರೂ ಬರಲಿಲ್ಲ.

ಸಭೆ ಮುಗಿದ ಮೇಲೆ ಕುರ್ಚಿ ಮಡಚಿ ಗೋಡೆಗೆ ಒರಗಿಸಿ ಹೋಗುವುದು ಇಲ್ಲಿ ಎಲ್ಲರ ಪಾಲಿನ ಕೆಲಸ. ಗೆದ್ದವರಿಗೂ ಸೋತವರಿಗೂ ಮೋಸ ಮಾಡಿದವರಿಗೂ ವಿನಾಯಿತಿಯಿಲ್ಲ. ತಾರಾ ಹಿಂದಿನ ಸಾಲಿನಿಂದ ಶುರುಮಾಡಿದಳು. ಇನ್ನೊಂದು ತುದಿಯಿಂದ ತ್ಸಾಯ್ ಸಾನ್ ಬಂದ. ನಡುವೆ ಎದುರಾದಾಗ ಅವನು ಬೆರಳು ಎತ್ತಲಿಲ್ಲ, ಎರಡು ಕೈಯಲ್ಲೂ ಕುರ್ಚಿಯಿತ್ತು. "ನಿಮಗೂ ನನಗೂ ಪರಿಚಯವೇ ಇಲ್ಲ," ಎಂದ ಜಪಾನಿಯಲ್ಲಿ. ಸಿಟ್ಟಿನ ದನಿಯಲ್ಲ, ನಿಜವಾಗಿಯೂ ಅರ್ಥವಾಗದವನ ದನಿ. "ಯಾಕೆ?"

ಯಾಕೆ ಎಂದು ಅವಳನ್ನು ಯಾರೂ ಬಹಳ ದಿನದಿಂದ ಕೇಳಿರಲಿಲ್ಲ. "ನನ್ನ ಗಂಡ..." ಎಂದು ಜಪಾನಿಯಲ್ಲಿ ಶುರುಮಾಡಿದಳು. ನೊರೆಗೆ ಏನನ್ನುತ್ತಾರೆ? ನೋಟಿಸಿಗೆ? ಇಂಗ್ಲಿಷಿಗೆ ಹಾರಿದಳು, ಅದು ರಾಘವನ ಭಾಷೆ, ಅಲ್ಲಿ ಎಸ್ ಮತ್ತು ನೋ ಎರಡೇ ಬಾಗಿಲಿದ್ದವು. ಆಮೇಲೆ ತನಗೇ ತಿಳಿಯದಂತೆ ಕನ್ನಡಕ್ಕೆ ಬಂದಿದ್ದಳು. "ಏನಿಲ್ಲ ಕಣ್ರೀ. ನೋಟಿಸ್ ಓದಿದ್ದೆ. ಅವತ್ತು ಶರಣ್ಯಾಗೆ ಜ್ವರ, ಎತ್ಕೊಂಡು ಲಿಫ್ಟ್ ಹತ್ರ ನಿಂತಿದ್ದೆ, ಆಗ್ಲೇ ಓದಿದ್ದು. ರಾತ್ರಿ ಇವರು ಬಂದ ತಕ್ಷಣ ಹೇಳಕ್ಕೆ ಶುರು ಮಾಡ್ದೆ. ಜ್ವರದಿಂದ ಶುರು ಮಾಡ್ದೆ, ಯಾಕಂದ್ರೆ ಮೊದಲು ಬಂದಿದ್ದು ಜ್ವರ ತಾನೇ? ಆಮೇಲೆ ಡಾಕ್ಟ್ರು, ಔಷಧಿ, ಕೊಂಬಿನಿ ಅಂಗಡಿಗೆ ಹೋಗಿ ಗಂಜಿ ತಂದಿದ್ದು, ಲಿಫ್ಟು... ಲಿಫ್ಟ್ ವರ್ಗೂ ಬಂದಿದ್ದೆ ರೀ! ನೋಟಿಸ್ ಅಲ್ಲೇ ಇತ್ತು! ಅಷ್ಟ್ರಲ್ಲಿ ಪಾಯಿಂಟ್‌ಗೆ ಬಾ ಅಂದ್ರು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ರು. ಪಾಯಿಂಟ್‌ಗೇ ಬರ್ತಾ ಇದ್ದೆ! ಒಂದು ನಿಮಿಷ ತಡ್ಕೊಂಡಿದ್ರೆ ನೀರಿನ ವಿಷಯ ಬಂದೇ ಬರ್ತಿತ್ತು, ಇವತ್ತು ಹಂಗೆ ಮುಖಕ್ಕೆ ಮೆತ್ಕೊಂಡು ನಿಂತ್ಕೊಳೋ ಗತಿ ಬರ್ತಿರ್ಲಿಲ್ಲ. ನಾನೂ ನಿಮಗೆ ಅದನ್ನೇ ಮಾಡ್ದೆ. ಗೊತ್ತು ನಂಗೆ. ಹೊಟ್ಟೆ ಉರೀತು, ಮಾಡ್ಬಿಟ್ಟೆ." ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ತ್ಸಾಯ್ ಸಾನ್ ಎರಡು ಕುರ್ಚಿ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಒಂದು ಪದವೂ ತಿಳಿದಿರಲಾರದು. ಅವನ ಕಣ್ಣು ಅವಳ ಹುಬ್ಬಿನಿಂದ ಕೈಗೆ, ಕೈಯಿಂದ ಬಾಯಿಗೆ ಓಡಾಡುತ್ತಿತ್ತು. ಅಂಗೈ ಅಡ್ಡ ಬರಲಿಲ್ಲ. ಅವಳು ನಿಲ್ಲಿಸಿದ ಮೇಲೂ ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಬಹಳ ಮರ್ಯಾದೆಯಿಂದ ಜಪಾನಿಯಲ್ಲಿ ಕೇಳಿದ, "ಮುಗಿಯಿತೇ?"

"ಇಲ್ಲ," ಎಂದಳು ತಾರಾ.

ಅವನು ಕುರ್ಚಿಯೊಂದನ್ನು ಬಿಡಿಸಿ ಅವಳೆದುರು ಇಟ್ಟ, ಇನ್ನೊಂದನ್ನು ಬಿಡಿಸಿ ತಾನು ಕೂತ.